ಕೊಮೊಡೊ ಡ್ರ್ಯಾಗನ್ ಅನ್ನು ಅದರ ಊರಲ್ಲೇ ನೋಡಿ ಬಂದೆ: ಓದಿದ್ದಕ್ಕೂ ಕಂಡಿದ್ದಕ್ಕೂ ತುಂಬಾ ವ್ಯತ್ಯಾಸ

ಹಿರಿಯೂರು_ಹುಡುಗ
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೀತಿದ್ದೀನಿ, ಸಮಯ ಇದ್ದಾಗ ಓದಿ.

ಸೆಪ್ಟೆಂಬರ್ ಕೊನೆಯಲ್ಲಿ ಇಂಡೊನೇಷ್ಯಾಕ್ಕೆ ಹೋಗಿದ್ದೆ. ಬಾಲಿಗಾಗಿ ಅಲ್ಲ. ಕೊಮೊಡೊ ಡ್ರ್ಯಾಗನ್ ಅನ್ನು ಅದು ಹುಟ್ಟಿ ಬೆಳೆದ ಜಾಗದಲ್ಲೇ ನೋಡಬೇಕು ಅನ್ನೋದು ಹೈಸ್ಕೂಲಿನಿಂದ ಇದ್ದ ಆಸೆ. ಫ್ಲೋರೆಸ್ ದ್ವೀಪದ ಪಶ್ಚಿಮ ತುದಿಯಲ್ಲಿ ಲಬುವಾನ್ ಬಾಜೊ ಅಂತ ಒಂದು ಬಂದರು ಊರಿದೆ. ಅಲ್ಲಿಂದ ಮರದ ದೋಣಿ ಹತ್ತಿ ರಿಂಚಾ ಮತ್ತು ಕೊಮೊಡೊ ಎರಡೂ ದ್ವೀಪ ನೋಡಿದೆ.

ಮೊದಲು ಅಚ್ಚರಿಯಾದದ್ದು ಪ್ರಾಣಿ ನೋಡಿ ಅಲ್ಲ, ನೆಲ ನೋಡಿ. ಇಂಡೊನೇಷ್ಯಾ ಅಂದರೆ ಮಳೆಕಾಡು, ಆಗುಂಬೆ ಥರ ಹಸಿರು ಅಂದುಕೊಂಡಿದ್ದೆ. ದೋಣಿ ಹತ್ತಿರ ಹೋದ ಹಾಗೆ ಕಂಡದ್ದು ಒಣಗಿ ಕಂದಾದ ಗುಡ್ಡಗಳು. ಮೊಣಕಾಲುದ್ದ ಒಣ ಹುಲ್ಲು, ಅಲ್ಲಲ್ಲಿ ತಾಳೆ ಮರ, ತಗ್ಗಿನಲ್ಲಿ ಹುಣಸೆ ಮರ. ನಮ್ಮ ಹಿರಿಯೂರು, ಚಳ್ಳಕೆರೆ ಕಡೆ ಬೇಸಿಗೆಯಲ್ಲಿ ಗುಡ್ಡ ಹೇಗೆ ಕಾಣುತ್ತೋ ಹಾಗೇ. ಸುತ್ತ ನೀಲಿ ಸಮುದ್ರ ಇಲ್ಲದಿದ್ದರೆ ಊರಿಗೆ ವಾಪಸ್ ಬಂದೆ ಅನ್ನಬೇಕು.

ಕೊಮೊಡೊ ದ್ವೀಪದಲ್ಲಿ ಲೋ ಲಿಯಾಂಗ್ ಅನ್ನೋ ಕಡೆ ಇಳಿಸುತ್ತಾರೆ. ಅರಣ್ಯ ಕಾವಲುಗಾರರು ಜೊತೆಗಿಲ್ಲದೆ ಒಂದು ಹೆಜ್ಜೆಯೂ ಇಡುವಂತಿಲ್ಲ. ಅವರ ಕೈಯಲ್ಲಿ ಬಂದೂಕು ಇಲ್ಲ. ತುದಿ ಕವಲೊಡೆದ ಒಂದು ಉದ್ದ ಕೋಲು, ಅಷ್ಟೇ. ಅರ್ಧ ಗಂಟೆ ನಡೆದ ಮೇಲೆ ಹುಣಸೆ ಮರದ ನೆರಳಲ್ಲಿ ಒಂದು ಮಲಗಿತ್ತು. ನಾನು ಬಿದ್ದ ಮರದ ಕೊಂಬೆ ಅಂತಲೇ ತಿಳಿದಿದ್ದೆ. ಕಾವಲುಗಾರರು ಕೈ ಅಡ್ಡ ಹಿಡಿದು ನಿಲ್ಲಿಸಿದರು. ಎರಡೂವರೆ ಮೀಟರ್ ಇರಬಹುದು. ಮಣ್ಣಿನ ಬಣ್ಣ. ಕತ್ತಿನ ಹತ್ತಿರ ಚರ್ಮ ಮಡಿಕೆ ಮಡಿಕೆಯಾಗಿ ಜೋತು ಬಿದ್ದಿತ್ತು. ಹತ್ತು ನಿಮಿಷ ಅಲ್ಲಾಡಲಿಲ್ಲ. ಆಮೇಲೆ ಹಳದಿ ನಾಲಿಗೆ ಹೊರಗೆ ಬಂತು. ತುದಿ ಎರಡಾಗಿ ಸೀಳಿದೆ. ಒಂದು ಸಲ ಎಡಕ್ಕೆ, ಒಂದು ಸಲ ಬಲಕ್ಕೆ ಆಡಿಸಿ ಒಳಗೆಳೆದುಕೊಂಡಿತು. ಎದ್ದು ನಿಂತು ನಡೆದಾಗ ಭುಜದ ಮೂಳೆ ಏರಿಳಿಯುವುದು ಚರ್ಮದಡಿ ಕಾಣುತ್ತಿತ್ತು. ನನಗೆ ಕಣ್ಣು ತುಂಬಿ ಬಂತು.

ಈಗ ನನ್ನ ಪ್ರಶ್ನೆಗಳು. ದೋಣಿಯಲ್ಲಿ ಒಬ್ಬರು "ಅದರ ಎಂಜಲಲ್ಲಿ ಕೊಳೆತ ಮಾಂಸದ ಬ್ಯಾಕ್ಟೀರಿಯಾ ಇರುತ್ತೆ, ಕಚ್ಚಿದರೆ ನಂಜಾಗಿ ಸಾಯೋದು" ಅಂದರು. ಇನ್ನೊಬ್ಬರು "ಅಲ್ಲ, ಹಾವಿನ ಹಾಗೆ ವಿಷ ಇದೆ" ಅಂದರು. ಯಾವುದು ನಿಜ? ಎರಡನೆಯದು, ಅಷ್ಟು ಒಣ, ಬಡ ನೆಲದಲ್ಲಿ ಜಗತ್ತಿನ ಅತಿ ದೊಡ್ಡ ಹಲ್ಲಿ ಹೇಗೆ ಬೆಳೆಯಿತು? ಬೇರೆ ಎಲ್ಲೂ ಯಾಕಿಲ್ಲ?

ತಿಪಟೂರು_ತೆಂಗು
ತುಂಬಾ ಚೆನ್ನಾಗಿ ಬರೆದಿದ್ದೀರಿ ತಮ್ಮಾ. ನಾನು ಟಿವಿಯಲ್ಲಿ ನೋಡಿದಾಗೆಲ್ಲ ಅನ್ನಿಸುವುದು ಒಂದೇ. ಇದು ನಮ್ಮ ಉಡ ಅಲ್ವಾ? ಅದೇ ತಲೆ, ಅದೇ ನಾಲಿಗೆ, ಅದೇ ನಡಿಗೆ. ನಮ್ಮ ತೋಟದ ಬದುವಿನಲ್ಲಿ ಎರಡು ಇವೆ. ಹಲ್ಲಿ ಅನ್ನೋದಕ್ಕಿಂತ ದೊಡ್ಡ ಉಡ ಅನ್ನೋದೇ ಸರಿ ಅನ್ಸುತ್ತೆ.

ಜೀವಶಾಸ್ತ್ರ_ಮೇಡಂ
ತಿಪಟೂರಿನ ಹಿರಿಯರು ಹೇಳಿದ್ದು ಪೂರ್ತಿ ಸರಿ. ಕೊಮೊಡೊ ಡ್ರ್ಯಾಗನ್ ಉಡವೇ. ವಿಜ್ಞಾನದಲ್ಲಿ ಅದರ ಹೆಸರು ವರಾನಸ್ ಕೊಮೊಡೊಯೆನ್ಸಿಸ್. ನಮ್ಮ ಹೊಲದ ಉಡ ವರಾನಸ್ ಬೆಂಗಾಲೆನ್ಸಿಸ್. ಒಂದೇ ಕುಲ. "ಡ್ರ್ಯಾಗನ್" ಅನ್ನೋದು ಪಾಶ್ಚಾತ್ಯರು ಕೊಟ್ಟ ಹೆಸರು. ಆ ಹೆಸರಿನಿಂದಲೇ ಅರ್ಧ ತಪ್ಪು ಕಲ್ಪನೆ ಹುಟ್ಟಿದೆ ಅಂತ ನನಗೆ ಅನ್ನಿಸುತ್ತದೆ. ಅಲ್ಲಿನ ಜನ ಅದನ್ನು ಓರಾ ಅಂತಾರೆ.

ಹೊರಗಿನ ಜಗತ್ತಿಗೆ ಇದು ಗೊತ್ತಾಗಿದ್ದು ತೀರಾ ಈಚೆಗೆ. 1910ರಲ್ಲಿ ಡಚ್ ಅಧಿಕಾರಿಯೊಬ್ಬರಿಗೆ "ನೆಲದ ಮೊಸಳೆ" ಅನ್ನೋ ಸುದ್ದಿ ಬಂತು. ಅವರು ಒಂದನ್ನು ಹಿಡಿಸಿ ಚರ್ಮ ಕಳಿಸಿದರು. ಜಾವಾದ ಬೊಗೋರ್‌ನಲ್ಲಿ ಪ್ರಾಣಿ ಸಂಗ್ರಹಾಲಯದ ಮುಖ್ಯಸ್ಥರಾಗಿದ್ದ ಪೀಟರ್ ಔವೆನ್ಸ್ 1912ರಲ್ಲಿ ಅದನ್ನು ಹೊಸ ಜಾತಿ ಅಂತ ವಿವರಿಸಿ ಬರೆದರು. ಅಲ್ಲಿನ ಜನರಿಗೆ ತಲೆಮಾರುಗಳಿಂದ ಗೊತ್ತಿದ್ದ ಪ್ರಾಣಿ ಅದು, ಅದನ್ನು ಮರೆಯಬಾರದು.

ವಿಷದ ಪ್ರಶ್ನೆಗೆ ಪುತ್ತೂರಿನ ಡಾಕ್ಟರು ಇದ್ದರೆ ಉತ್ತರಿಸಲಿ. ನಾನು ದೊಡ್ಡ ಗಾತ್ರದ ವಿಷಯ ರಾತ್ರಿ ಬರೀತೀನಿ. ಕ್ಲಾಸಿಗೆ ಹೊತ್ತಾಯ್ತು.

ಪುತ್ತೂರು_ಪಶುವೈದ್ಯ
ಇದ್ದೀನಿ ಮೇಡಂ. ಈ ಬ್ಯಾಕ್ಟೀರಿಯಾ ಕಥೆ ನಮ್ಮ ಕಾಲೇಜು ದಿನಗಳಲ್ಲಿ ಪುಸ್ತಕದಲ್ಲೇ ಇತ್ತು. ನಾನೂ ನಂಬಿದ್ದೆ. ಅದರ ಹಿಂದೆ ಇರುವವರು ವಾಲ್ಟರ್ ಔಫೆನ್‌ಬರ್ಗ್. ತುಂಬಾ ದೊಡ್ಡ ಕೆಲಸ ಮಾಡಿದ ವಿಜ್ಞಾನಿ. 1969ರಿಂದ ಸುಮಾರು ಒಂದು ವರ್ಷ ಹೆಂಡತಿ ಮಕ್ಕಳ ಜೊತೆ ಕೊಮೊಡೊ ದ್ವೀಪದಲ್ಲೇ ಇದ್ದು ಅಧ್ಯಯನ ಮಾಡಿದರು. ಕಚ್ಚಿಸಿಕೊಂಡ ಎಮ್ಮೆ ತಪ್ಪಿಸಿಕೊಂಡು ಹೋಗಿ, ಕೆಲವು ದಿನಗಳಾದ ಮೇಲೆ ನಂಜಾಗಿ ಸಾಯುವುದನ್ನು ನೋಡಿದರು. ಬಾಯಲ್ಲಿರುವ ಸೂಕ್ಷ್ಮಜೀವಿಗಳೇ ಕಾರಣ ಇರಬೇಕು ಅಂದರು. ಕಂಡದ್ದು ನಿಜ, ಕೊಟ್ಟ ಕಾರಣ ಬೇರೆ.

2009ರಲ್ಲಿ ಆಸ್ಟ್ರೇಲಿಯಾದ ಬ್ರಯಾನ್ ಫ್ರೈ ಮತ್ತು ತಂಡದವರು ಇದರ ಕೆಳದವಡೆಯಲ್ಲಿ ವಿಷದ ಗ್ರಂಥಿಗಳಿವೆ ಅಂತ ತೋರಿಸಿದರು. ಆ ವಿಷ ರಕ್ತ ಹೆಪ್ಪುಗಟ್ಟದ ಹಾಗೆ ಮಾಡುತ್ತದೆ, ರಕ್ತದೊತ್ತಡ ಇಳಿಸುತ್ತದೆ. ನಾಗರಹಾವಿನ ಹಾಗೆ ಟೊಳ್ಳು ಹಲ್ಲಿನಿಂದ ಚುಚ್ಚಿ ಇಳಿಸುವುದಿಲ್ಲ. ಹಲ್ಲುಗಳ ಸಂದಿಯಿಂದ ಒಸರಿ ಗಾಯಕ್ಕೆ ಸೇರುತ್ತದೆ. ಆಮೇಲೆ 2013ರಲ್ಲಿ ಮೃಗಾಲಯಗಳ ಕೊಮೊಡೊಗಳ ಬಾಯಿ ಪರೀಕ್ಷೆ ಮಾಡಿದಾಗ ಬೇರೆ ಮಾಂಸಾಹಾರಿ ಪ್ರಾಣಿಗಳಲ್ಲಿ ಇರುವಂಥ ಸಾಮಾನ್ಯ ಬ್ಯಾಕ್ಟೀರಿಯಾಗಳೇ ಸಿಕ್ಕಿದವು. ವಿಶೇಷ ಏನೂ ಇಲ್ಲ. ಇನ್ನೊಂದು ಮಾತು. ಇದು ಗಲೀಜು ಪ್ರಾಣಿಯೇ ಅಲ್ಲ. ತಿಂದಾದ ಮೇಲೆ ತುಂಬ ಹೊತ್ತು ತುಟಿ ನೆಕ್ಕಿಕೊಂಡು, ಎಲೆಗಳಿಗೆ ಬಾಯಿ ಉಜ್ಜಿ ಶುಚಿ ಮಾಡಿಕೊಳ್ಳುತ್ತದೆ. ಬೇಟೆಯ ಕರುಳನ್ನು ತಿನ್ನುವ ಮೊದಲು ಬೀಸಿ ಬೀಸಿ ಸಗಣಿ ಚೆಲ್ಲುತ್ತದೆ.

ಹಾಗಾದರೆ ಎಮ್ಮೆ ಯಾಕೆ ನಂಜಾಗಿ ಸತ್ತಿತು? ಎಮ್ಮೆ ಆ ದ್ವೀಪದ್ದಲ್ಲ. ಮನುಷ್ಯರು ತಂದದ್ದು. ಗಾಯವಾದ ಎಮ್ಮೆ ಎಲ್ಲಿಗೆ ಓಡುತ್ತೆ ಹೇಳಿ? ನೀರಿಗೆ. ಅಲ್ಲಿರೋದು ನಿಂತ ಕೆಸರು ನೀರು, ಅದರಲ್ಲಿ ಎಮ್ಮೆಗಳದ್ದೇ ಸಗಣಿ. ತೆರೆದ ಗಾಯ ಇಟ್ಟುಕೊಂಡು ಅದರಲ್ಲಿ ಮಲಗಿದರೆ ನಂಜಾಗದೆ ಇರುತ್ತಾ? ನಾನು ದಿನಾ ದನಗಳ ಗಾಯ ನೋಡುವವನು, ನನಗೆ ಈ ವಿವರಣೆ ಓದಿದ ಕೂಡಲೇ ಮನಸ್ಸಿಗೆ ಹೊಂದಿತು.

ಎಂಟನೇ_ಕ್ಲಾಸ್_ಮೇಷ್ಟ್ರು
ಡಾಕ್ಟ್ರೇ, ನಾನು ಹದಿನೈದು ವರ್ಷದಿಂದ ಮಕ್ಕಳಿಗೆ ಆ ಬ್ಯಾಕ್ಟೀರಿಯಾ ಪಾಠವನ್ನೇ ಹೇಳಿಕೊಂಡು ಬಂದಿದ್ದೀನಿ. ಇವತ್ತು ಓದಿ ಬೇಸರವಾಯಿತು. ನಾಳೆಯಿಂದ ಬದಲಾಯಿಸುತ್ತೇನೆ. ಒಂದು ಸಂದೇಹ. ಹಾಗಾದರೆ ಬೇಟೆಯನ್ನು ಕೊಲ್ಲುವುದು ವಿಷವೇ ಅಂತ ಮಕ್ಕಳಿಗೆ ಹೇಳಬಹುದಾ?

ಪುತ್ತೂರು_ಪಶುವೈದ್ಯ
ಸರ್, ಅಲ್ಲಿ ಸ್ವಲ್ಪ ಎಚ್ಚರ ಇರಲಿ. ವಿಷದ ಗ್ರಂಥಿ ಇದೆ ಅನ್ನೋದು ಖಚಿತ. ಆದರೆ ಕೊಲ್ಲುವ ಕೆಲಸದಲ್ಲಿ ವಿಷದ ಪಾಲು ಎಷ್ಟು ಅನ್ನೋದರ ಮೇಲೆ ವಿಜ್ಞಾನಿಗಳಲ್ಲೇ ವಾದ ಇದೆ. ಕೆಲವರು ಗಾಯ ಮತ್ತು ರಕ್ತ ಸುರಿಯುವುದೇ ಸಾಕು ಅಂತಾರೆ.

ಹಲ್ಲು ನೋಡಿದರೆ ಅವರ ಮಾತಿಗೂ ತೂಕ ಇದೆ. ಸುಮಾರು ಅರವತ್ತು ಹಲ್ಲು. ಹಿಂದಕ್ಕೆ ಬಾಗಿದವು. ಅಂಚಿನಲ್ಲಿ ಗರಗಸದ ಹಾಗೆ ಸಣ್ಣ ಸಣ್ಣ ಕಚ್ಚು. ಮುರಿದರೆ ಮತ್ತೆ ಬರುತ್ತವೆ, ಜೀವನ ಪೂರ್ತಿ. 2024ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿನ ವಿಜ್ಞಾನಿಗಳು ಇನ್ನೊಂದು ಸಂಗತಿ ಪ್ರಕಟಿಸಿದರು. ಆ ಹಲ್ಲಿನ ತುದಿ ಮತ್ತು ಗರಗಸದ ಅಂಚಿನ ಮೇಲೆ ಕಬ್ಬಿಣದ ಲೇಪ ಇದೆ. ಅಲ್ಲಿ ಕಿತ್ತಳೆ ಬಣ್ಣ ಕಾಣುತ್ತದೆ. ಅಂಚು ಮೊಂಡಾಗದ ಹಾಗೆ ಕಾಯುವುದು ಅದೇ.

ದವಡೆಯ ಕಚ್ಚುವ ಬಲ ಮಾತ್ರ ಮೊಸಳೆಗೆ ಹೋಲಿಸಿದರೆ ಬಹಳ ಕಡಿಮೆ. ಹಾಗಾಗಿ ಅದು ಅಗಿದು ಪುಡಿ ಮಾಡುವುದಿಲ್ಲ. ಕಚ್ಚಿ, ಕತ್ತಿನ ಬಲದಿಂದ ಹಿಂದಕ್ಕೆ ಎಳೆಯುತ್ತದೆ. ಕುಡುಗೋಲು ಎಳೆದ ಹಾಗೆ ಸೀಳಿಬಿಡುತ್ತದೆ. ನಾವು ಉಡದ ಹಿಡಿತ ಅಂತೀವಲ್ಲ, ಇಲ್ಲಿ ಹಿಡಿತಕ್ಕಿಂತ ಎಳೆತ ಮುಖ್ಯ.

ಮಕ್ಕಳಿಗೆ "ಗಾಯ, ರಕ್ತಸ್ರಾವ, ಜೊತೆಗೆ ವಿಷ" ಅಂತ ಮೂರೂ ಹೇಳಿ ಸರ್. ಅದು ಸರಿ ಇರುತ್ತೆ.

ಅಲೆಮಾರಿ_ಅಕ್ಕ
ಹಿರಿಯೂರು ತಮ್ಮಾ, ನಾನು 2018ರಲ್ಲಿ ರಿಂಚಾಕ್ಕೆ ಹೋಗಿದ್ದೆ. ಹೆಣ್ಣುಮಕ್ಕಳಿಗೆ ಉಪಯೋಗ ಆಗಲಿ ಅಂತ ಒಂದು ಮಾತು ಹೇಳ್ತೀನಿ. ಮುಟ್ಟಾಗಿದ್ದರೆ ನಡಿಗೆ ಶುರುವಾಗುವ ಮೊದಲೇ ಕಾವಲುಗಾರರಿಗೆ ಹೇಳಬೇಕು ಅಂತಾರೆ. ನಾಚಿಕೊಳ್ಳೋದು ಬೇಡ. ಅವರು ಮೈಲಿಗೆ ಅಂತ ಕೇಳುವುದಲ್ಲ, ಪ್ರಾಣಿಗೆ ರಕ್ತದ ವಾಸನೆ ಸಿಗುತ್ತೆ ಅಂತ. ನಮ್ಮ ಗುಂಪಿನಲ್ಲಿ ಒಬ್ಬಳು ಹೇಳಿದಳು, ಅವಳನ್ನು ಮಧ್ಯದಲ್ಲಿ ಇಟ್ಟುಕೊಂಡು ಒಬ್ಬ ಕಾವಲುಗಾರ ಪಕ್ಕದಲ್ಲೇ ನಡೆದ. ತುಂಬಾ ಮರ್ಯಾದೆಯಿಂದ ನಡೆಸಿಕೊಂಡರು.

ಇನ್ನೊಂದು ಬೇಸರದ ವಿಷಯ. ನಮಗೆ ಟ್ರಿಪ್ ಮಾಡಿಸಿದ ಏಜೆಂಟ್ "ಮಾಂಸ ಹಾಕಿ ತೋರಿಸ್ತಾರೆ, ಭರ್ಜರಿ ಇರುತ್ತೆ" ಅಂತ ಹೇಳಿ ದುಡ್ಡು ಜಾಸ್ತಿ ತಗೊಂಡಿದ್ದ. ಅಲ್ಲಿ ಅಂಥದ್ದು ಏನೂ ಇಲ್ಲ. ಹಿಂದೆ ಕೊಮೊಡೊದಲ್ಲಿ ಪ್ರವಾಸಿಗರ ಮುಂದೆ ಆಡು ಹಾಕುತ್ತಿದ್ದರಂತೆ. ತೊಂಬತ್ತರ ದಶಕದಲ್ಲೇ ನಿಲ್ಲಿಸಿದರು. ಹಾಕಿದರೆ ಅವು ಬೇಟೆ ಬಿಟ್ಟು ಅಲ್ಲೇ ಬಿದ್ದಿರುತ್ತವೆ, ಮನುಷ್ಯರ ಭಯ ಹೋಗುತ್ತೆ. ನಿಲ್ಲಿಸಿದ್ದು ಒಳ್ಳೇದೇ ಆಯ್ತು. ಯಾರಾದರೂ ಹಾಗೆ ಆಸೆ ತೋರಿಸಿದರೆ ನಂಬಬೇಡಿ.

ಹಿರಿಯೂರು_ಹುಡುಗ
ಅಕ್ಕ, ಈ ವಾಸನೆ ವಿಷಯ ನಮಗೂ ಹೇಳಿದರು. ಮೂಗಿಗಿಂತ ನಾಲಿಗೆಯೇ ಅದರ ಮೂಗು. ಗಾಳಿಯ ಕಣಗಳನ್ನು ನಾಲಿಗೆಯ ಎರಡು ತುದಿಯಿಂದ ತಂದು ಬಾಯಿಯ ಮೇಲ್ಭಾಗದಲ್ಲಿರುವ ಜೇಕಬ್ಸನ್ ಅಂಗಕ್ಕೆ ಮುಟ್ಟಿಸುತ್ತದೆ. ಎಡತುದಿಗೆ ವಾಸನೆ ಜಾಸ್ತಿ ಬಂದರೆ ಎಡಕ್ಕೆ ತಿರುಗುತ್ತದೆ. ಗಾಳಿ ಸರಿಯಾಗಿ ಬೀಸುತ್ತಿದ್ದರೆ ಸತ್ತ ಪ್ರಾಣಿಯ ವಾಸನೆ ನಾಲ್ಕು ಕಿಲೋಮೀಟರ್ ಆಚೆಯಿಂದಲೂ ಸಿಗುತ್ತದೆ. ನಾನು ನೋಡಿದ್ದು ನಡೆಯುವಾಗ ಪ್ರತಿ ನಾಲ್ಕೈದು ಹೆಜ್ಜೆಗೆ ನಾಲಿಗೆ ಹಾಕುತ್ತಿತ್ತು, ತಲೆಯನ್ನು ಆ ಕಡೆ ಈ ಕಡೆ ಆಡಿಸುತ್ತಾ.

ಜೀವಶಾಸ್ತ್ರ_ಮೇಡಂ
ಈಗ ದೊಡ್ಡ ಗಾತ್ರದ ಪ್ರಶ್ನೆ. ಇದು ನನಗೆ ತುಂಬಾ ಇಷ್ಟದ ವಿಷಯ, ಸ್ವಲ್ಪ ತಾಳ್ಮೆಯಿಂದ ಓದಿ.

ಮೊದಲು ಅಳತೆ. ಅಳೆದು ದಾಖಲಾದ ಅತಿ ದೊಡ್ಡದು 3.13 ಮೀಟರ್ ಉದ್ದ, 166 ಕಿಲೋ ತೂಕ. ಆದರೆ ಆ ತೂಕದಲ್ಲಿ ಹೊಟ್ಟೆಯಲ್ಲಿದ್ದ ಅರಗದ ಊಟವೂ ಸೇರಿದೆ. ಇವು ಒಂದೇ ಸಲಕ್ಕೆ ತಮ್ಮ ತೂಕದ ಶೇ. 80ರಷ್ಟು ತಿನ್ನಬಲ್ಲವು, ಹಾಗಾಗಿ ತೂಕದ ಲೆಕ್ಕ ನೋಡುವಾಗ ಇದು ನೆನಪಿರಬೇಕು. ಕಾಡಿನಲ್ಲಿ ದೊಡ್ಡ ಗಂಡು ಸಾಮಾನ್ಯವಾಗಿ 70 ಕಿಲೋ ಹತ್ತಿರ. ಹೆಣ್ಣು ಇದಕ್ಕಿಂತ ಚಿಕ್ಕದು.

ಹಿಂದೆ ಹೇಳುತ್ತಿದ್ದದ್ದು ಹೀಗೆ: ದ್ವೀಪದಲ್ಲಿ ಹುಲಿ ಚಿರತೆ ಇಲ್ಲ, ಆ ಜಾಗ ಖಾಲಿ ಇತ್ತು, ಸಣ್ಣ ಉಡ ಅಲ್ಲಿ ಹೋಗಿ ಬೆಳೆದು ಬೆಳೆದು ದೈತ್ಯ ಆಯಿತು. ಕೇಳೋಕೆ ಚೆನ್ನಾಗಿದೆ. ಆದರೆ 2009ರಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಸಿಕ್ಕ ಪಳೆಯುಳಿಕೆಗಳ ಅಧ್ಯಯನ ಬಂತು. ಸುಮಾರು 38 ಲಕ್ಷ ವರ್ಷ ಹಿಂದೆಯೇ ಕೊಮೊಡೊ ಉಡ ಆಸ್ಟ್ರೇಲಿಯಾದಲ್ಲಿತ್ತು. ಈಗಿನಷ್ಟೇ ದೊಡ್ಡದು. ಅಲ್ಲಿಂದ ಪಶ್ಚಿಮಕ್ಕೆ ಬಂದು ಸುಮಾರು 9 ಲಕ್ಷ ವರ್ಷ ಹಿಂದೆ ಫ್ಲೋರೆಸ್ ತಲುಪಿತ್ತು. ಆಮೇಲೆ ಅದರ ಗಾತ್ರ ಹೆಚ್ಚುಕಡಿಮೆ ಹಾಗೇ ಇದೆ. ಅಂದರೆ ದ್ವೀಪ ಅದನ್ನು ದೊಡ್ಡದು ಮಾಡಲಿಲ್ಲ. ದೊಡ್ಡದಾಗಿಯೇ ಬಂತು, ಬೇರೆ ಕಡೆ ಎಲ್ಲ ಅಳಿದು ಹೋಯಿತು, ಇಲ್ಲಿ ಮಾತ್ರ ಉಳಿಯಿತು. ಹಿರಿಯೂರಿನವರು "ಅಲ್ಲಿ ಹೇಗೆ ಬೆಳೆಯಿತು" ಅಂತ ಕೇಳಿದರಲ್ಲ, ನಿಜವಾದ ಪ್ರಶ್ನೆ "ಅಲ್ಲಿ ಹೇಗೆ ಉಳಿಯಿತು" ಅನ್ನೋದು.

ನಿಮ್ಮ "ಒಣ, ಬಡ ನೆಲ" ಅನ್ನೋ ಮಾತಿನಲ್ಲೇ ಅರ್ಧ ಉತ್ತರ ಇದೆ. ಹುಲಿ ಬಿಸಿರಕ್ತದ ಪ್ರಾಣಿ, ಅದಕ್ಕೆ ಮತ್ತೆ ಮತ್ತೆ ದೊಡ್ಡ ಬೇಟೆ ಬೇಕು. ಅಂಥ ಸಣ್ಣ ದ್ವೀಪದಲ್ಲಿ ಹುಲಿಯ ಸಂತತಿ ಬದುಕುವಷ್ಟು ಜಿಂಕೆ ಎಲ್ಲಿಂದ ಬರಬೇಕು? ಉಡ ಬಿಸಿಲಿನಿಂದ ಮೈ ಕಾಯಿಸಿಕೊಳ್ಳುತ್ತದೆ. ಹಾಗಾಗಿ ಅದಕ್ಕೆ ಊಟ ಕಡಿಮೆ ಸಾಕು. ದೊಡ್ಡ ಕೊಮೊಡೊ ವರ್ಷಕ್ಕೆ ಹನ್ನೆರಡು ಸಲ ಹೊಟ್ಟೆ ತುಂಬ ತಿಂದರೆ ಬದುಕಬಲ್ಲದು. ಅದಕ್ಕೇ ಅಲ್ಲಿ ಅದೇ ಹುಲಿ.

ದಿನಚರಿಯೂ ಆ ನೆಲಕ್ಕೆ ಹೊಂದಿಕೊಂಡಿದೆ. ಬೆಳಿಗ್ಗೆ ಬಿಸಿಲು ಕಾಯಿಸುತ್ತದೆ. ಮಧ್ಯಾಹ್ನದ ಉರಿಯಲ್ಲಿ ನೆರಳು. ರಾತ್ರಿ ಮೈಯ ಬಿಸಿ ಹೋಗದ ಹಾಗೆ ಬಿಲ. ಬೇಟೆ ಅಂದರೆ ಓಡಿಸಿಕೊಂಡು ಹೋಗುವುದಲ್ಲ, ಜಿಂಕೆ ನಡೆಯುವ ಹಾದಿಯ ಪಕ್ಕ ಹುಲ್ಲಿನಲ್ಲಿ ಹೊಂಚು ಹಾಕಿ ಕೂರುವುದು. ಸ್ವಲ್ಪ ದೂರ ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ನುಗ್ಗಬಲ್ಲದು, ಅಷ್ಟೇ.

ಅಲ್ಲಿನ ಜಿಂಕೆ ತಿಮೋರ್ ಜಿಂಕೆ, ನಮ್ಮ ಕಡವೆಯ ಹತ್ತಿರದ ಸಂಬಂಧಿ. ಜೊತೆಗೆ ಕಾಡುಹಂದಿ. ಊಟಕ್ಕೂ ಗಾತ್ರಕ್ಕೂ ಎಷ್ಟು ನಂಟು ನೋಡಿ. ಕೊಮೊಡೊ, ರಿಂಚಾ ದೊಡ್ಡ ದ್ವೀಪಗಳು, ಜಿಂಕೆ ಚೆನ್ನಾಗಿವೆ, ಅಲ್ಲಿನ ಓರಾಗಳೂ ದೊಡ್ಡವು. ಗಿಲಿ ಮೊತಾಂಗ್ ಅನ್ನೋ ಪುಟ್ಟ ದ್ವೀಪದಲ್ಲಿ ಜಿಂಕೆ ಕಡಿಮೆ. ಅಲ್ಲಿನ ಓರಾಗಳೂ ಬಹಳ ಚಿಕ್ಕವು. ಜಾತಿ ಒಂದೇ.

ತಿಪಟೂರು_ತೆಂಗು
ಮೇಡಂ, ಇದು ನಮ್ಮ ಹಳ್ಳಿಯವರಿಗೂ ಅರ್ಥ ಆಗುವ ಹಾಗೆ ಹೇಳಿದ್ರಿ. ಮೇವು ಚೆನ್ನಾಗಿದ್ದ ಕಡೆ ದನ ದಪ್ಪ. ಧನ್ಯವಾದ.

ಸಿಂಗಪುರ_ಕನ್ನಡಿಗ
ನಾನು ಇಲ್ಲಿ ಸಿಂಗಪುರದ ಮೃಗಾಲಯದಲ್ಲಿ ಮಕ್ಕಳ ಜೊತೆ ಹಲವು ಸಲ ನೋಡಿದ್ದೇನೆ. ಗಾಜಿನ ಆಚೆ ಇರುವುದಕ್ಕೂ ಹಿರಿಯೂರಿನವರು ನೋಡಿದ್ದಕ್ಕೂ ಹೋಲಿಕೆಯೇ ಇಲ್ಲ. ಆದರೂ ಮೃಗಾಲಯಗಳಿಂದಲೇ ಗೊತ್ತಾದ ಒಂದು ಸಂಗತಿ ಇದೆ. 2006ರಲ್ಲಿ ಇಂಗ್ಲೆಂಡಿನ ಚೆಸ್ಟರ್ ಮತ್ತು ಲಂಡನ್ ಮೃಗಾಲಯಗಳಲ್ಲಿ ಹೆಣ್ಣು ಕೊಮೊಡೊಗಳು ಗಂಡಿನ ಸಂಪರ್ಕವೇ ಇಲ್ಲದೆ ಫಲಿತ ಮೊಟ್ಟೆ ಇಟ್ಟಿದ್ದು ಪ್ರಕಟವಾಯಿತು. ಚೆಸ್ಟರ್‌ನ ಫ್ಲೋರಾ ಅನ್ನೋ ಹೆಣ್ಣು ಗಂಡನ್ನು ನೋಡಿಯೇ ಇರಲಿಲ್ಲ. ಮೇಡಂ, ಮರಿಗಳೆಲ್ಲ ಗಂಡೇ ಆಗಿದ್ದವು ಅಂತ ಓದಿದೆ. ತಾಯಿಯಿಂದ ಮಾತ್ರ ಹುಟ್ಟಿದರೆ ಹೆಣ್ಣೇ ಆಗಬೇಕಲ್ವಾ?

ಜೀವಶಾಸ್ತ್ರ_ಮೇಡಂ
ಒಳ್ಳೇ ಪ್ರಶ್ನೆ. ನಮ್ಮಲ್ಲಿ ಗಂಡಿಗೆ ಎರಡು ಬೇರೆ ಬೇರೆ ಲಿಂಗ ವರ್ಣತಂತು, ಎಕ್ಸ್ ಮತ್ತು ವೈ. ಉಡಗಳಲ್ಲಿ ತಿರುಗಾ ಮುರುಗಾ. ಹೆಣ್ಣಿಗೆ ಎರಡು ಬೇರೆ ಬೇರೆ, ಝಡ್ ಮತ್ತು ಡಬ್ಲ್ಯೂ. ಗಂಡಿಗೆ ಎರಡೂ ಝಡ್. ಒಂಟಿ ಹೆಣ್ಣಿನ ಮೊಟ್ಟೆಯಲ್ಲಿ ಇರುವ ಒಂದೇ ತಂತು ಇಮ್ಮಡಿಯಾದರೆ ಎರಡು ಝಡ್ ಅಥವಾ ಎರಡು ಡಬ್ಲ್ಯೂ ಆಗುತ್ತದೆ. ಎರಡು ಡಬ್ಲ್ಯೂ ಇರುವುದು ಬೆಳೆಯುವುದಿಲ್ಲ. ಉಳಿಯುವುದೆಲ್ಲ ಗಂಡು.

ಈಗ ಇದನ್ನು ದ್ವೀಪದ ಕಣ್ಣಿನಿಂದ ನೋಡಿ. ಒಂದೇ ಒಂದು ಹೆಣ್ಣು ತೇಲಿಕೊಂಡು ಖಾಲಿ ದ್ವೀಪಕ್ಕೆ ಬಂತು ಅನ್ನಿ. ಗಂಡು ಮರಿಗಳನ್ನು ತಾನೇ ಹುಟ್ಟಿಸಿಕೊಂಡು, ಅವು ಬೆಳೆದ ಮೇಲೆ ಸಂತತಿ ಮುಂದುವರಿಸಬಹುದು. ಸಣ್ಣ ದ್ವೀಪಗಳ ಪ್ರಾಣಿಗೆ ಇದು ದೊಡ್ಡ ಆಸರೆ. ಆದರೆ ಇಂಥ ಮರಿಗಳಲ್ಲಿ ವಂಶವಾಹಿಯ ವೈವಿಧ್ಯ ತೀರಾ ಕಡಿಮೆ, ಅದು ಅಪಾಯವೂ ಹೌದು.

ಎಂಟನೇ_ಕ್ಲಾಸ್_ಮೇಷ್ಟ್ರು
ಈಜಿಕೊಂಡು ಬೇರೆ ದ್ವೀಪಕ್ಕೆ ಹೋಗುವುದಿಲ್ಲವೇ?

ಹಿರಿಯೂರು_ಹುಡುಗ
ಈಜೋಕೆ ಬರುತ್ತೆ ಸರ್. ಆದರೆ ಆ ದ್ವೀಪಗಳ ನಡುವೆ ಸಮುದ್ರದ ಸೆಳೆತ ಎಷ್ಟಿದೆ ಅಂದರೆ, ನಮ್ಮ ದೋಣಿಯೇ ಒಂದು ಕಡೆ ಓರೆಯಾಗಿ ಜಾರುತ್ತಿತ್ತು. ನೀರು ನದಿಯ ಹಾಗೆ ಸುಳಿ ತಿರುಗುತ್ತೆ.

ಜೀವಶಾಸ್ತ್ರ_ಮೇಡಂ
ಅದರ ಜೊತೆಗೆ ಸ್ವಭಾವವೂ ಇದೆ. 2018ರಲ್ಲಿ ಪ್ರಕಟವಾದ ಒಂದು ಅಧ್ಯಯನ, ಹತ್ತು ವರ್ಷ ಗುರುತು ಹಾಕಿ ಹಿಂಬಾಲಿಸಿದ್ದು. ಬಹುತೇಕ ಓರಾಗಳು ತಾವು ಹುಟ್ಟಿದ ಕಣಿವೆ ಬಿಟ್ಟು ಹೋಗುವುದೇ ಇಲ್ಲ. ಕೆಲವನ್ನು ಹಿಡಿದು ಅದೇ ದ್ವೀಪದ ಬೇರೆ ಕಡೆ ಬಿಟ್ಟರು, ತಿರುಗಿ ಮನೆಗೆ ಬಂದವು. ಸಮುದ್ರ ದಾಟಿಸಿ ಬಿಟ್ಟವು ಮಾತ್ರ ವಾಪಸ್ ಈಜಲಿಲ್ಲ. ಊರು ಬಿಡದ ಪ್ರಾಣಿ. ಅದಕ್ಕೇ ಊರು ಕೆಟ್ಟರೆ ಅದಕ್ಕೆ ಬೇರೆ ದಾರಿ ಇಲ್ಲ.

ಅಲೆಮಾರಿ_ಅಕ್ಕ
ಪಡಾರ್ ದ್ವೀಪದ ಕಥೆ ಯಾರೂ ಹೇಳಲಿಲ್ಲವಲ್ಲ. ಮೂರು ಕೊಲ್ಲಿ ಒಟ್ಟಿಗೆ ಕಾಣುವ ಆ ಪ್ರಸಿದ್ಧ ಫೋಟೋ ಇದೆಯಲ್ಲ, ಎಲ್ಲರೂ ಗುಡ್ಡ ಹತ್ತಿ ತೆಗೆಸಿಕೊಳ್ಳುತ್ತಾರೆ. ಅದೇ ಪಡಾರ್. ಕೊಮೊಡೊ ಮತ್ತು ರಿಂಚಾದ ನಡುವೆ ಇದೆ. ಅಲ್ಲೂ ಓರಾಗಳಿದ್ದವು. ಹೊರಗಿನಿಂದ ಬಂದವರು ಜಿಂಕೆ ಬೇಟೆಯಾಡಿ ಆಡಿ ಅವುಗಳಿಗೆ ಊಟ ಇಲ್ಲದ ಹಾಗಾಯಿತು. 1970ರ ದಶಕದಲ್ಲಿ ಅಲ್ಲಿ ನೆಲೆ ನಿಂತಿದ್ದ ಗುಂಪು ಇಲ್ಲವಾಯಿತು. ಓರಾವನ್ನು ಯಾರೂ ಮುಟ್ಟಲಿಲ್ಲ, ಅದರ ತಟ್ಟೆ ಖಾಲಿ ಮಾಡಿದರು. ಆ ಗುಡ್ಡದ ಮೇಲೆ ನಿಂತಾಗ ನನಗೆ ಇದು ಗೊತ್ತಿರಲಿಲ್ಲ. ಈಗ ಆ ಫೋಟೋ ನೋಡಿದರೆ ಸಂಕಟವಾಗುತ್ತೆ.

ಸಿಂಗಪುರ_ಕನ್ನಡಿಗ
1980ರಲ್ಲಿ ಈ ದ್ವೀಪಗಳ ಪ್ರದೇಶ ರಾಷ್ಟ್ರೀಯ ಉದ್ಯಾನ ಆಯಿತು, 1991ರಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ಅದರಿಂದ ಕೊಮೊಡೊ, ರಿಂಚಾದಲ್ಲಿ ಸಂಖ್ಯೆ ಗಟ್ಟಿಯಾಗಿ ನಿಂತಿದೆ. ಆದರೂ 2021ರಲ್ಲಿ ಐಯುಸಿಎನ್ ಅನ್ನೋ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಸಂಸ್ಥೆ ಕೊಮೊಡೊ ಡ್ರ್ಯಾಗನ್ ಅನ್ನು "ಅಪಾಯದ ಅಂಚಿನಲ್ಲಿರುವ" ಜಾತಿ ಅಂತ ಮೇಲಿನ ಪಟ್ಟಿಗೆ ಏರಿಸಿತು. ಮರಿ ಹಾಕುವ ವಯಸ್ಸಿನವು ಇಡೀ ಜಗತ್ತಿನಲ್ಲಿ 1,400ಕ್ಕೂ ಕಡಿಮೆ ಅನ್ನೋದು ಆಗಿನ ಅಂದಾಜು. ಬಿಸಿ ಏರಿ, ಸಮುದ್ರ ಮಟ್ಟ ಏರಿ, ಮುಂದಿನ 45 ವರ್ಷದಲ್ಲಿ ಇವು ಬದುಕಬಲ್ಲ ಜಾಗ ಕನಿಷ್ಠ ಶೇ. 30ರಷ್ಟು ಕಡಿಮೆಯಾಗುತ್ತದೆ ಅಂತ ಹೇಳಿದ್ದಾರೆ. ಓರಾಗಳು ಇರುವುದು ಹೆಚ್ಚಾಗಿ ತಗ್ಗಿನ ಕಣಿವೆಗಳಲ್ಲಿ, ಸಮುದ್ರದ ಪಕ್ಕ.

ಫ್ಲೋರೆಸ್‌ನ ಕರಾವಳಿಯಲ್ಲೂ ಕೆಲವಿವೆ. ಅಲ್ಲಿ ಉದ್ಯಾನದಷ್ಟು ಕಾವಲಿಲ್ಲ. ಹೊಲಕ್ಕಾಗಿ ಕುರುಚಲು ಕಾಡು ಸುಡುತ್ತಾರೆ, ಆಡು ಹಿಡಿದರೆ ಜನಕ್ಕೆ ಕೋಪ. ನಿಜವಾಗಿ ಭಯ ಇರುವುದು ಅಲ್ಲಿ.

ಅಲೆಮಾರಿ_ಅಕ್ಕ
ಜನರ ಮಾತು ಬಂತಲ್ಲ, ಅದನ್ನೂ ಹೇಳಿಬಿಡ್ತೀನಿ. ಕೊಮೊಡೊ ದ್ವೀಪದೊಳಗೇ ಊರಿದೆ. ಕಂಬದ ಮೇಲೆ ಕಟ್ಟಿದ ಮನೆಗಳು. ಅವರ ಹಳೆಯ ಕಥೆಯಲ್ಲಿ ನಾಗ ರಾಜಕುಮಾರಿಗೆ ಅವಳಿ ಮಕ್ಕಳು. ಒಂದು ಮನುಷ್ಯ, ಒಂದು ಓರಾ. ಗಂಡುಮಗು ಬೆಳೆದು ಬೇಟೆಗೆ ಹೋದಾಗ ತಾನು ಹೊಡೆದ ಜಿಂಕೆಯ ಹತ್ತಿರ ಓರಾ ಬಂತು. ಈಟಿ ಎತ್ತಿದ. ತಾಯಿ ಅಡ್ಡ ಬಂದು "ಇದು ನಿನ್ನ ಒಡಹುಟ್ಟು" ಅಂದಳು. ಆ ನಂಬಿಕೆಯಿಂದ ಬೇಟೆಯಲ್ಲಿ ಒಂದು ಪಾಲು ಅದಕ್ಕೆ ಬಿಡುತ್ತಿದ್ದರಂತೆ.

ಅಂಥ ಜನರನ್ನೇ 2019ರಲ್ಲಿ ದ್ವೀಪದಿಂದ ಬೇರೆ ಕಡೆ ಕಳಿಸುವ ಯೋಚನೆ ಸರ್ಕಾರ ಮಾಡಿತ್ತು. ವಿರೋಧ ಬಂದು ಕೈಬಿಟ್ಟರು. ಕಾಪಾಡಬೇಕು ಅನ್ನುವಾಗ ಮೊದಲು ಕೇಳಬೇಕಾದ್ದು ಒಟ್ಟಿಗೆ ಬದುಕಿದವರನ್ನು ಅನ್ನೋದು ನನ್ನ ಗಟ್ಟಿ ನಂಬಿಕೆ.

ತಿಪಟೂರು_ತೆಂಗು
ತಾಯೀ, ಆ ಕಥೆ ಓದಿ ಮೈ ಜುಂ ಅಂತು. ಆದರೆ ಮನುಷ್ಯರನ್ನು ಕೊಂದಿದೆ ಅಂತಾರಲ್ಲ, ಅದು?

ಅಲೆಮಾರಿ_ಅಕ್ಕ
ಕೊಂದಿದೆ ಅಪ್ಪಾಜಿ, ಮುಚ್ಚಿಡೋದು ಸರಿಯಲ್ಲ. 2007ರಲ್ಲಿ ಎಂಟು ವರ್ಷದ ಹುಡುಗನೊಬ್ಬ ಹೋದ. 2009ರಲ್ಲಿ ಸೀತಾಫಲ ಕೀಳುತ್ತಿದ್ದ ಒಬ್ಬರು ಮರದಿಂದ ಬಿದ್ದಾಗ ಕೆಳಗಿದ್ದ ಎರಡು ಓರಾ ಮೇಲೆ ಬಿದ್ದವು. ಬಹಳ ಅಪರೂಪ, ಆದರೆ ನಡೆದಿದೆ. ಆ ಊರಿನವರು ಅದನ್ನು ತಿಳಿದೂ ಜೊತೆಗೆ ಬದುಕುತ್ತಿದ್ದಾರೆ.

ಪುತ್ತೂರು_ಪಶುವೈದ್ಯ
ನಮ್ಮ ಉಡಕ್ಕೆ ಇಂಥ ಒಂದೂ ದೂರಿಲ್ಲ, ಆದರೂ ನಾವು ಅದನ್ನು ಬಿಡಲಿಲ್ಲ. ಮಾಂಸಕ್ಕೆ, ಎಣ್ಣೆಗೆ, ಹಿಂದೆ ಖಂಜಿರದ ಚರ್ಮಕ್ಕೆ ಕೊಂದೆವು. ಈಗಲೂ "ಹತ್ತಾ ಜೋಡಿ" ಅಂತ ಬೇರಿನ ಹೆಸರಲ್ಲಿ ಮಾರುವುದು ಗಂಡು ಉಡದ ಜನನಾಂಗ. ಯಾರಾದರೂ ಅದೃಷ್ಟ ಬರುತ್ತೆ ಅಂತ ಹೇಳಿ ಮಾರಿದರೆ ದಯವಿಟ್ಟು ತಗೋಬೇಡಿ, ಅರಣ್ಯ ಇಲಾಖೆಗೆ ತಿಳಿಸಿ. ಉಡ ನಮ್ಮ ವನ್ಯಜೀವಿ ಕಾಯ್ದೆಯ ಮೊದಲನೇ ಪಟ್ಟಿಯಲ್ಲಿದೆ. ಹುಲಿಗೆ ಇರುವ ರಕ್ಷಣೆಯೇ ಅದಕ್ಕೂ.

ತಿಪಟೂರು_ತೆಂಗು
ನಮ್ಮ ಬದುವಿನ ಎರಡಕ್ಕೆ ನಾನು ಕಾವಲು ಡಾಕ್ಟ್ರೇ. ತೋಟದ ಇಲಿ, ಹುಳ ಎಲ್ಲ ಅವೇ ನೋಡಿಕೊಳ್ತವೆ.

ಎಂಟನೇ_ಕ್ಲಾಸ್_ಮೇಷ್ಟ್ರು
ಹಿರಿಯೂರಿನವರೇ, ಕೊನೆಯದಾಗಿ ಒಂದು. ಏಪ್ರಿಲ್ ರಜೆಯಲ್ಲಿ ನಾನು, ನನ್ನ ಮಗಳು ಹೋಗೋಣ ಅಂತ ದುಡ್ಡು ಕೂಡಿಡ್ತಿದ್ದೀವಿ. ಅದು ಒಳ್ಳೆ ಸಮಯವೇ? ಮರಿ ನೋಡೋಕೆ ಸಿಗುತ್ತಾ?

ಹಿರಿಯೂರು_ಹುಡುಗ
ಸರ್, ಓದಿ ತುಂಬಾ ಖುಷಿ ಆಯ್ತು. ನಾನು ಹೋದ ಸೆಪ್ಟೆಂಬರ್ ಮೊಟ್ಟೆ ಇಡುವ ಕಾಲ. ಕಾವಲುಗಾರರು ಒಂದು ಮಣ್ಣಿನ ದಿಬ್ಬ ತೋರಿಸಿದರು. ಅದು ಕಿತ್ತಳೆ ಬಣ್ಣದ ಕಾಲಿರುವ, ಕೋಳಿಯಂಥ ಒಂದು ಹಕ್ಕಿಯ ಗೂಡು. ಮಣ್ಣು, ತರಗೆಲೆ ಕೆರೆದು ಗುಡ್ಡೆ ಮಾಡಿರುತ್ತೆ. ಹೆಣ್ಣು ಓರಾ ಅದರಲ್ಲೇ ಗುಂಡಿ ತೋಡಿ ಸುಮಾರು ಇಪ್ಪತ್ತು ಮೊಟ್ಟೆ ಇಡುತ್ತದೆ. ಪಕ್ಕದಲ್ಲಿ ಎರಡು ಮೂರು ಖಾಲಿ ಗುಂಡಿಯನ್ನೂ ತೋಡಿತ್ತು, ಕದಿಯಲು ಬಂದವರಿಗೆ ಗೊತ್ತಾಗದಿರಲಿ ಅಂತ. ತಾಯಿ ಗುಡ್ಡೆಯ ಮೇಲೆಯೇ ಹೊಟ್ಟೆ ಊರಿ ಮಲಗಿತ್ತು. ಮೈ ಸೊರಗಿತ್ತು. ಕೆಲವು ತಿಂಗಳು ಹೀಗೇ ಕಾಯುತ್ತದೆ.

ಮೊಟ್ಟೆ ಒಡೆಯಲು ಏಳೆಂಟು ತಿಂಗಳು ಬೇಕು. ಅಂದರೆ ಮಳೆಗಾಲ ಮುಗಿದು, ಹುಳಹುಪ್ಪಟೆ ಜಾಸ್ತಿ ಇರುವ ಹೊತ್ತಿಗೆ ಸರಿಯಾಗಿ ಮರಿ ಹೊರಗೆ. ನಿಮ್ಮ ಏಪ್ರಿಲ್ ಅದೇ ಸಮಯ. ಗುಡ್ಡವೂ ಹಸಿರಾಗಿರುತ್ತೆ, ನಾನು ನೋಡಿದ ಕಂದು ಬಣ್ಣ ಇರೋಲ್ಲ.

ಮರಿ ನಲವತ್ತು ಸೆಂಟಿಮೀಟರ್ ಉದ್ದ ಇರುತ್ತೆ. ಮೈ ಮೇಲೆ ಹಳದಿ, ಕಿತ್ತಳೆ ಚುಕ್ಕೆ ಪಟ್ಟೆ, ದೊಡ್ಡದಕ್ಕಿಂತ ತುಂಬಾ ಚೆಂದ. ಹುಟ್ಟಿದ ಕೂಡಲೇ ಮರ ಹತ್ತಿಬಿಡುತ್ತೆ, ಏಕೆಂದರೆ ನೆಲದಲ್ಲಿದ್ದರೆ ದೊಡ್ಡ ಓರಾಗಳೇ ತಿಂದುಬಿಡುತ್ತವೆ. ದೊಡ್ಡವು ಭಾರಕ್ಕೆ ಮರ ಹತ್ತಲಾರವು. ಮೊದಲ ಕೆಲವು ವರ್ಷ ಮಿಡತೆ, ಸಣ್ಣ ಹಲ್ಲಿ, ಹಕ್ಕಿ ಮೊಟ್ಟೆ ತಿಂದುಕೊಂಡು ಮೇಲೆಯೇ ಜೀವನ. ಕೆಳಗಿಳಿದು ಊಟಕ್ಕೆ ಬರಬೇಕಾದರೆ ಸತ್ತ ಪ್ರಾಣಿಯ ಸಗಣಿಯಲ್ಲಿ ಹೊರಳಾಡಿ ಬರುತ್ತವೆ, ದೊಡ್ಡವು ಆ ವಾಸನೆಗೆ ಮುಟ್ಟುವುದಿಲ್ಲ.

ಹಾಗಾಗಿ ಎಲ್ಲರೂ ನೆಲ ನೋಡಿಕೊಂಡು ನಡೆಯುವಾಗ ಮಗಳಿಗೆ ಹೇಳಿ, ಹುಣಸೆ ಮರದ ಕಾಂಡ, ತೊಗಟೆ ಸಂದಿ, ಕೊಂಬೆಗಳ ಮೇಲೆ ಕಣ್ಣಿಟ್ಟಿರಲಿ. ಬೈನಾಕ್ಯುಲರ್ ಇದ್ದರೆ ತಗೊಂಡು ಹೋಗಿ. ಇಲ್ಲದಿದ್ದರೆ ನನ್ನದು ಕೊಡ್ತೀನಿ, ಹಿರಿಯೂರು ದಾಟುವಾಗ ಒಂದು ಮೆಸೇಜ್ ಹಾಕಿ.